‘ಖಾಲಿ ಅದ’ ಅನ್ನಬೇಡ, ತೆರೆದು ತೋರಿಸು

ತಂಗಿ, ನಿನ್ನೆ ಸಂಜೆ ನೀನು ಗನ್ ಕ್ಲಬ್ಬಿನ ಅರ್ಜಿ ಹಿಡಿದು ಬಂದಾಗ ನಾನು ಕೂಡಲೇ ಸಹಿ ಹಾಕಲಿಲ್ಲ. ನಿನ್ನ ಮುಖ ಸಣ್ಣದಾಯಿತು. ‘ಹುಡುಗಿ ಅಂತ ಬ್ಯಾಡ ಅಂತೀರೇನು ಅಜ್ಜಾ?’ ಅಂತ ಕೇಳಿದೆ. ಆ ಮಾತು ರಾತ್ರಿಯೆಲ್ಲ ಕಿವಿಯಲ್ಲೇ ಕೂತಿತ್ತು. ಅದಕ್ಕೇ ಬೆಳಿಗ್ಗೆ ಎದ್ದವನೇ ಬರೆಯಲು ಕೂತೆ. ಎದುರಿಗೆ ಕೂತು ಹೇಳಿದರೆ ಅರ್ಧ ಮರೆಯುತ್ತೇನೆ, ಉಳಿದರ್ಧಕ್ಕೆ ನಿನ್ನ ಫೋನು ಅಡ್ಡ ಬರುತ್ತದೆ. ಬರೆದದ್ದಾದರೆ ನಿನ್ನ ಹತ್ತಿರ ಉಳಿಯುತ್ತದೆ.

ಬೇಡ ಅನ್ನಲು ನನಗೆ ಮನಸ್ಸಿಲ್ಲ. ಹಾರುವ ಬಿಲ್ಲೆಗೆ ಗುಂಡು ಹಾರಿಸುವ ಆಟದಷ್ಟು ಚೆಂದದ ಆಟವನ್ನು ನಾನು ಕಂಡಿದ್ದು ಕಡಿಮೆ. ಆದರೆ ನೀನು ಕೈಗೆತ್ತಿಕೊಳ್ಳಲು ಹೊರಟಿರುವುದು ಬ್ಯಾಟಲ್ಲ, ರಾಕೆಟ್ಟಲ್ಲ. ಒಂದು ಸಲ ತಪ್ಪಿದರೆ ಮತ್ತೆ ಸರಿಮಾಡಲು ಬಾರದ ಸಾಮಾನು ಅದು. ನಿನ್ನ ಅಪ್ಪ ‘ಅಜ್ಜನ ಸಹಿ ತಗೊಂಡು ಬಾ’ ಅಂತ ಕಳಿಸಿದ್ದು ಆ ಕಾರಣಕ್ಕೇ ಇರಬೇಕು.

ಕಪಾಟಿನಿಂದ ತೆಗೆದು ನಿನ್ನ ಕೈಗಿಟ್ಟೆನಲ್ಲ, ಆ ಕಿತ್ತಳೆ ಬಣ್ಣದ ಬಿಲ್ಲೆ, ಅಲ್ಲಿಂದಲೇ ಶುರು ಮಾಡುತ್ತೇನೆ. ನೀನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಕ್ಲೇ ಅಂದ್ರ ಮಣ್ಣಲ್ಲೇನು? ನಮ್ಮ ಖಾನಾಪುರದ ಕುಂಬಾರರು ಮಾಡಬಹುದಲ್ಲ!’ ಅಂದೆ. ಒಳ್ಳೆಯ ಪ್ರಶ್ನೆ. ನಮ್ಮದು ಮಣ್ಣಿಗೆ ಹೆಸರಾದ ಊರು. ಇಲ್ಲಿಯ ಗಡಿಗೆ, ಹೆಂಚು, ಇಟ್ಟಿಗೆ ಸುತ್ತಲಿನ ಎಷ್ಟೋ ಸಂತೆಗಳನ್ನು ಕಂಡಿವೆ. ಖಾದಿ ಆಯೋಗದವರು ಗ್ರಾಮ ಕುಂಬಾರಿಕೆಯ ಕೇಂದ್ರ ಸಂಸ್ಥೆಯನ್ನು ತಂದು ಇಟ್ಟಿದ್ದೂ ಇಲ್ಲಿಯೇ. ಆದರೆ ಆ ಬಿಲ್ಲೆಯಲ್ಲಿ ಮಣ್ಣಿಲ್ಲ. ಸುಣ್ಣದ ಕಲ್ಲಿನ ಪುಡಿಯನ್ನು ಡಾಂಬರಿನಂಥ ರಾಳದಲ್ಲಿ ಕಲಸಿ ಅಚ್ಚೊತ್ತಿದ್ದು. ಮೇಲೆ ಬಣ್ಣ. ಅಗಲ 110 ಮಿಲಿಮೀಟರ್, ತೂಕ ಸುಮಾರು 105 ಗ್ರಾಂ. 

ಮೊದಲಿಗೆ ಮಾತ್ರ ಅದು ನಿಜವಾಗಿಯೂ ಸುಟ್ಟ ಮಣ್ಣಿನದೇ ಆಗಿತ್ತು. ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋಸ್ಕಿ ಎಂಬಾತ 1880ರ ಸುಮಾರಿಗೆ ಅದನ್ನು ರೂಪಿಸಿದ. ನೀರಿನ ಮೇಲೆ ಚಿಪ್ಪು ಎಸೆದಾಗ ಅದು ಜಿಗಿಜಿಗಿದು ಹೋಗುವುದನ್ನು ನೋಡಿ ಹೊಳೆದ ಉಪಾಯವಂತೆ. ಮಲಪ್ರಭೆಯ ದಂಡೆಯಲ್ಲಿ ನೀನೂ ನಿನ್ನ ತಮ್ಮನೂ ಬಿಲ್ಲೆಗಲ್ಲು ಎಸೆಯುತ್ತೀರಲ್ಲ, ಅದೇ ಆಟ. ಸುಟ್ಟ ಮಣ್ಣು ಗಟ್ಟಿಯಾಗಿ ಚರೆ ಬಡಿದರೂ ಒಡೆಯದೆ ಗಂಟೆಯ ಹಾಗೆ ಠಣ್ ಅನ್ನುತ್ತಿತ್ತಂತೆ. ಅದಕ್ಕೇ ರಾಳ ಬಂತು. ಮಣ್ಣು ಹೋದರೂ ಹೆಸರು ಉಳಿಯಿತು.

ಅದಕ್ಕೂ ಮುಂಚೆ ಬಿಲ್ಲೆಯ ಜಾಗದಲ್ಲಿ ಇದ್ದದ್ದು ಜೀವಂತ ಪಾರಿವಾಳ. ಪೆಟ್ಟಿಗೆಯ ಮುಚ್ಚಳ ತೆಗೆದು ಹಾರಿಬಿಟ್ಟು ಹೊಡೆಯುತ್ತಿದ್ದರು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಹಾಗೆ ನೂರಾರು ಹಕ್ಕಿಗಳನ್ನು ಕೊಂದರು. ನೆಲವೆಲ್ಲ ರಕ್ತ, ರೆಕ್ಕೆ. ಆಮೇಲೆ ಒಲಿಂಪಿಕ್ಸ್‌ನವರಿಗೇ ಅದು ಬೇಡವಾಯಿತು. ಇವತ್ತಿಗೂ ಆಟಗಾರರು ಬಿಲ್ಲೆಯನ್ನು ‘ಬರ್ಡ್’ ಅಂತಲೇ ಕರೆಯುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಸಮಾಧಾನ. ಹಕ್ಕಿ ಹಾರಿಹೋಗಿ ಬರೀ ಹೆಸರು ಉಳಿದಿದೆಯಲ್ಲ!

ನಾನು ಈ ಆಟವನ್ನು ಕಂಡಿದ್ದು ಕೆಳಗಿನಿಂದ. ಹಾಗಂದರೆ, ಗುಂಡಿಯೊಳಗಿನಿಂದ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರಿನಲ್ಲಿ ಪ್ರತಿಜ್ಞೆಯ ಕಸಂ ಪರೇಡ್ ಮುಗಿಸಿ ಹೋದ ಮೇಲೆ, ನೌಕರಿಯ ನಡುವೆ ಎರಡು ವರ್ಷ ನನ್ನನ್ನು ಒಂದು ಶೂಟಿಂಗ್ ರೇಂಜಿಗೆ ಹಾಕಿದ್ದರು. ಕೆಲಸ ಇಷ್ಟೇ: ಟ್ರ್ಯಾಪ್ ಆಟದ ಗುಂಡಿಯಲ್ಲಿ ಕೂತು ಎಸೆಯುವ ಯಂತ್ರಗಳಿಗೆ ಬಿಲ್ಲೆ ತುಂಬುವುದು. ಟ್ರ್ಯಾಪ್‌ನಲ್ಲಿ ಐದು ನಿಲುಗಡೆ. ಅವುಗಳ ಮುಂದೆ 15 ಮೀಟರ್ ದೂರದಲ್ಲಿ ಉದ್ದನೆಯ ಗುಂಡಿ, ಅದರೊಳಗೆ 15 ಯಂತ್ರ. ಒಂದೊಂದು ನಿಲುಗಡೆಗೆ ಮೂರು: ಒಂದು ಎಡಕ್ಕೆ, ಒಂದು ನೇರ, ಒಂದು ಬಲಕ್ಕೆ. ಆಟಗಾರ ಮೇಲೆ ನಿಂತು ಕೂಗುತ್ತಾನೆ; ಕೂಗಿದೊಡನೆ ಮೂರರಲ್ಲಿ ಒಂದು ಬಿಲ್ಲೆ ಗಂಟೆಗೆ 100 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಅವನಿಂದ ದೂರ ಹಾರುತ್ತದೆ. ಯಾವ ಕಡೆಗೆ ಅನ್ನುವುದು ಅವನಿಗೆ ಗೊತ್ತಿರುವುದಿಲ್ಲ. 25 ಬಿಲ್ಲೆಗೆ ಒಂದು ಸುತ್ತು. ಹತ್ತು ಎಡಕ್ಕೆ, ಹತ್ತು ಬಲಕ್ಕೆ, ಐದು ನೇರ ಬರುತ್ತವೆ ಅಂತ ಗೊತ್ತು, ಯಾವುದರ ಹಿಂದೆ ಯಾವುದು ಅಂತ ಗೊತ್ತಿಲ್ಲ.

ಕೆಳಗೆ ಕೂತವನಿಗೆ ಆಟಗಾರ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ದನಿ, ತಲೆ ಮೇಲೆ ಗುಂಡಿನ ಸದ್ದು, ಆಮೇಲೆ ದೂರದ ಹುಲ್ಲಿನಲ್ಲಿ ಚೂರು ಉದುರುವ ಸಣ್ಣ ಸದ್ದು. ಮೂರನೆಯ ಸದ್ದು ಬರದಿದ್ದರೆ ಬಿಲ್ಲೆ ತಪ್ಪಿಸಿಕೊಂಡಿತು ಅಂತ ಅರ್ಥ. ಕೆಲವು ತಿಂಗಳಾದ ಮೇಲೆ ನನಗೆ ದನಿ ಕೇಳಿದೊಡನೆಯೇ ಗೊತ್ತಾಗತೊಡಗಿತು, ಇದು ಒಡೆಯುತ್ತದೋ ಇಲ್ಲವೋ ಅಂತ. ಒಂದು ಬಿಲ್ಲೆ ತಪ್ಪಿದ ಸಿಟ್ಟು ಮುಂದಿನ ಕೂಗಿನಲ್ಲಿ ಇರುತ್ತಿತ್ತು. ದನಿ ಗಡಸಾಗುತ್ತಿತ್ತು, ಅವಸರವಾಗುತ್ತಿತ್ತು. ಅವಸರದ ದನಿಯ ಹಿಂದೆ ಚೂರು ಉದುರಿದ್ದು ಬಹಳ ಕಡಿಮೆ. ಒಬ್ಬ ಸುಬೇದಾರ್ ಸಾಹೇಬರಿದ್ದರು. ಮೊದಲ ಬಿಲ್ಲೆಗೂ ಇಪ್ಪತ್ತೈದನೆಯದಕ್ಕೂ ಅವರ ದನಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ. ಎಷ್ಟು ಒಡೆದರು, ಎಷ್ಟು ತಪ್ಪಿದರು ಅನ್ನುವುದು ದನಿಯಿಂದ ತಿಳಿಯುತ್ತಲೇ ಇರಲಿಲ್ಲ.

ಸಂಜೆ ಯಾರೂ ಇಲ್ಲದಾಗ ಅವರೇ ನನ್ನ ಕೈಗೆ ಬಂದೂಕು ಕೊಟ್ಟು ಕಲಿಸಿದರು. ಕಲಿಸಿದ ಮೊದಲ ವಿದ್ಯೆ ಹೊಡೆಯುವುದಲ್ಲ, ತೆರೆಯುವುದು. ಅದರ ಬೆಲೆ ನನಗೆ ಆಗಲೇ ಗೊತ್ತಿತ್ತು. ಯಾಕೆ ಗೊತ್ತಿತ್ತು ಅನ್ನುವುದನ್ನು ಇವತ್ತಿನವರೆಗೂ ನಿಮಗ್ಯಾರಿಗೂ ಬಿಡಿಸಿ ಹೇಳಿಲ್ಲ.

ನನಗಾಗ 14 ವರ್ಷ. ಜಾಂಬೋಟಿ ಕಡೆಯ ನಮ್ಮ ಸೋದರಮಾವನ ಹೊಲ ಕಾಡಂಚಿಗೆ ಇತ್ತು. ಹಂದಿಗಳು ಭತ್ತಕ್ಕೆ ಇಳಿಯುತ್ತವೆ ಅಂತ ಬೆಳೆರಕ್ಷಣೆಯ ಲೈಸೆನ್ಸಿನಲ್ಲಿ ಒಂದು ಸಿಂಗಲ್ ಬ್ಯಾರಲ್ ಇಟ್ಟಿದ್ದರು. ಈ ಭಾಗದಲ್ಲಿ ಅಂಥ ಬಂದೂಕು ಬೇಕಾದಷ್ಟಿದ್ದವು, ಈಗಲೂ ಇವೆ. ಚುನಾವಣೆ ಬಂದಾಗ ಠಾಣೆಯಲ್ಲಿ ಜಮಾ ಮಾಡಿ ಬರುತ್ತಾರಲ್ಲ, ಅಂಥವು. ಸುಗ್ಗಿಯ ಮುಂಚಿನ ದಿನ. ನಾನೂ ಮಾವನ ಮಗನೂ ರಾತ್ರಿ ಕಾವಲಿಗೆ ಹೋಗಿದ್ದೆವು. ಅವನು ನನಗಿಂತ ಮೂರು ವರ್ಷ ದೊಡ್ಡವನು. ನಸುಕಿನಲ್ಲಿ ವಾಪಸು ಬರುವಾಗ ಬದು ದಾಟಬೇಕು. ಬಂದೂಕು ನನ್ನ ಕೈಯಲ್ಲಿತ್ತು. ‘ತೋಟಾ ತಗದೀಯೇನು?’ ಅಂತ ಅವನು ಕೇಳಿದ. ‘ಖಾಲಿ ಅದ’ ಅಂದೆ. ಸುಳ್ಳು ಹೇಳಲಿಲ್ಲ ತಂಗಿ, ಖಾಲಿಯಾಗಿದೆ ಅಂತಲೇ ನಂಬಿದ್ದೆ. ಇಬ್ಬನಿಗೆ ಬದುವಿನ ಹುಲ್ಲು ನುಣ್ಣಗಾಗಿತ್ತು. ಕಾಲು ಜಾರಿತು.

ಅವನ ಬಲ ಮೊಣಕಾಲು. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಖಾನಾಪುರಕ್ಕೆ ತಂದೆವು, ಅಲ್ಲಿಂದ ಬೆಳಗಾವಿಗೆ. ಜೀವ ಉಳಿಯಿತು. ಕಾಲು ಮಡಿಸಲು ಬರಲಿಲ್ಲ, ಕೊನೆಯತನಕ. ಮದುವೆ ಊಟಗಳಲ್ಲಿ ಎಲ್ಲರೂ ಚಕ್ಕಂಬಕ್ಕಳ ಹಾಕಿ ಕೂತರೆ ಅವನು ಗೋಡೆಗೆ ಆತು ಕಾಲು ಚಾಚಿ ಕೂರುತ್ತಿದ್ದ. ನನಗೆ ಒಂದೇ ಒಂದು ಸಲವೂ ಬಿರುಸು ಮಾತಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಕ್ಲಬ್ಬಿಗೆ ಹೋದ ಮೊದಲ ದಿನವೇ ಗಮನಿಸು. ಬಿಲ್ಲೆ ಹೊಡೆಯುವವರ ಬಂದೂಕು ಹೆಚ್ಚಾಗಿ ಒಂದರ ಮೇಲೊಂದು ನಳಿಗೆ ಇರುವ 12 ಬೋರ್. ಮೇಲಿನ ಕೀಲಿಯನ್ನು ಹೆಬ್ಬೆರಳಿನಿಂದ ಸರಿಸಿದರೆ ನಡುವೆ ಮಡಚಿಕೊಂಡು ಬಾಯಿ ತೆರೆಯುತ್ತದೆ. ಆಟಗಾರರು ಅದನ್ನು ಹಾಗೆ ತೆರೆದೇ ಮೊಣಕೈ ಮೇಲೆ ಹಾಕಿಕೊಂಡು ಓಡಾಡುತ್ತಾರೆ. ಇಪ್ಪತ್ತು ಹೆಜ್ಜೆ ದೂರದಲ್ಲಿರುವವನಿಗೂ ಅದು ಗುಂಡು ಹಾರಿಸಲಾರದ ಸ್ಥಿತಿಯಲ್ಲಿದೆ ಅಂತ ಕಾಣುತ್ತದೆ. ಯಾರೂ ಯಾರ ಮಾತನ್ನೂ ನಂಬಬೇಕಾಗಿಲ್ಲ. ನಿಲುಗಡೆಗೆ ಬಂದು, ನಿನ್ನ ಸರದಿ ಬಂದು, ನಳಿಗೆ ಮುಂದಿನ ಬಯಲಿಗೆ ತಿರುಗಿದ ಮೇಲೆ ತೋಟಾ ಹಾಕಬೇಕು. ಹೊಡೆದಾದ ಮೇಲೆ ತೆರೆದು, ಖಾಲಿ ತೋಟಾ ತೆಗೆದು, ಆಮೇಲೆ ತಿರುಗಬೇಕು. ಯಾರಾದರೂ ಹೆಗಲು ತಟ್ಟಿ ಕರೆದರೆ ಬಂದೂಕಿನ ಸಮೇತ ತಿರುಗಬೇಡ, ತಲೆಯನ್ನಷ್ಟೇ ತಿರುಗಿಸು. ಹೊಸಬರು ತಪ್ಪುವುದು ಹೆಚ್ಚಾಗಿ ಅಲ್ಲೇ, ಬಿಲ್ಲೆ ಒಡೆದ ಖುಷಿಯಲ್ಲಿ ಗೆಳತಿಯ ಕಡೆ ತಿರುಗುವಾಗ. ಬೆರಳು ಟ್ರಿಗರಿನ ಹೊರಗೆ, ಕಟ್ಟಿಗೆಯ ಮೇಲೆ ಮಲಗಿರಲಿ. ‘ಖಾಲಿ ಅದ’ ಅನ್ನುವ ಮಾತು ನಿನ್ನ ಬಾಯಲ್ಲಿ ಬರುವುದೇ ಬೇಡ. ತೆರೆ, ತೋರಿಸು, ಆಮೇಲೆ ಕೊಡು. ಇನ್ನೊಬ್ಬರು ತೋರಿಸಿ ಕೊಟ್ಟರೂ ನೀನು ಮತ್ತೊಮ್ಮೆ ನೋಡಿಯೇ ತಗೊ. ಬೇಜಾರು ಮಾಡಿಕೊಳ್ಳುವವರ ಹತ್ತಿರ ಬಂದೂಕು ಇರಲೇಬಾರದು.

ಇನ್ನು ಕಣ್ಣಿನ ವಿಷಯ. ನಿನ್ನ ಎರಡು ಕಣ್ಣಲ್ಲಿ ಒಂದು ಯಜಮಾನ. ಎರಡೂ ಅಂಗೈ ಚಾಚಿ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ತೆಂಗಿನಮರದ ಸುಳಿಯನ್ನು ಅದರಲ್ಲಿ ನೋಡು. ಆಮೇಲೆ ಒಂದೊಂದೇ ಕಣ್ಣು ಮುಚ್ಚು. ಯಾವ ಕಣ್ಣಿಗೆ ಸುಳಿ ಕಿಂಡಿಯಲ್ಲೇ ಉಳಿಯುತ್ತದೋ ಅದೇ ಯಜಮಾನ. ಬಲಗೈ ರೂಢಿಯವಳಿಗೆ ಎಡಗಣ್ಣು ಯಜಮಾನ ಆಗಿದ್ದರೆ ತೊಂದರೆ. ಅದನ್ನು ತರಬೇತುದಾರರಿಗೆ ಮೊದಲ ದಿನವೇ ಹೇಳು. ಯಾಕೆಂದರೆ ರೈಫಲ್ಲಿನಂತೆ ಈ ಬಂದೂಕಿಗೆ ಹಿಂದಿನ ಗುರಿಕಿಂಡಿ ಇಲ್ಲ. ನಿನ್ನ ಕಣ್ಣೇ ಆ ಕಿಂಡಿ. ಕೆನ್ನೆ ಕಟ್ಟಿಗೆಗೆ ಒಂದೇ ಜಾಗದಲ್ಲಿ, ಪ್ರತಿ ಸಲವೂ ಅದೇ ಜಾಗದಲ್ಲಿ ಕೂರಬೇಕು. ಕೆನ್ನೆ ಒಂದು ಬೆರಳಷ್ಟು ಎದ್ದರೆ ಚರೆ ಬಿಲ್ಲೆಯ ಮೇಲೆ ಹಾದುಹೋಗುತ್ತದೆ. ‘ಒಡೀತೋ ಇಲ್ಲೋ’ ಅಂತ ನೋಡುವ ಆಸೆಗೆ ತಲೆ ಎತ್ತುವುದೇ ಹೊಸಬರ ದೊಡ್ಡ ರೋಗ. ಮನೆಯಲ್ಲಿ ಕನ್ನಡಿ ಮುಂದೆ ಕೋಲು ಹಿಡಿದಾದರೂ ಕೆನ್ನೆ ಕೂರಿಸುವುದನ್ನು ದಿನಾ ಐವತ್ತು ಸಲ ಮಾಡು.

ಇನ್ನೊಂದು, ಬಿಲ್ಲೆ ಇರುವಲ್ಲಿಗೆ ಹೊಡೆದರೆ ಬಿಲ್ಲೆ ಸಿಗುವುದಿಲ್ಲ. ಸ್ಕೀಟ್ ಅಂತ ಇನ್ನೊಂದು ಆಟವಿದೆ. ಅದರಲ್ಲಿ ಎಡಕ್ಕೆ ಎತ್ತರದ ಮನೆ, ಬಲಕ್ಕೆ ತಗ್ಗಿನ ಮನೆ, ಎರಡರಿಂದಲೂ ಬಿಲ್ಲೆ ಅಡ್ಡಡ್ಡ ಹಾರುತ್ತವೆ. ಎಂಟು ನಿಲುಗಡೆ. ಬಿಲ್ಲೆ ಕಾಣುವವರೆಗೂ ಬಂದೂಕಿನ ಬುಡ ಸೊಂಟದ ಹತ್ತಿರವೇ ಇರಬೇಕು. ಕೂಗಿದ ಮೇಲೆ ಕೂಡಲೇ ಬರಬಹುದು, ಮೂರು ಸೆಕೆಂಡಿನವರೆಗೆ ಕಾಯಿಸಲೂಬಹುದು. ಅಲ್ಲಿ ನಡುವಿನ ನಿಲುಗಡೆಯಿಂದ ಹೊಡೆಯುವಾಗ ಚರೆ ಅಷ್ಟು ದೂರ ಹೋಗುವಷ್ಟರಲ್ಲಿ ಬಿಲ್ಲೆ ಸುಮಾರು ಒಂದು ಮೀಟರ್ ಮುಂದಕ್ಕೆ ಹೋಗಿರುತ್ತದೆ. ಹಾಗಾಗಿ ಅದರ ಮುಂದೆ ಹೊಡೆಯಬೇಕು. ಹೊಡೆದ ಮೇಲೂ ನಳಿಗೆ ನಿಲ್ಲಬಾರದು, ಬಿಲ್ಲೆಯ ಜೊತೆ ಸಾಗುತ್ತಲೇ ಇರಬೇಕು. ಅಮ್ಮ ಬಾವಿಗೆ ಕೊಡ ಬಿಟ್ಟು ಹಗ್ಗ ಎಳೆಯುವಾಗ ಕೈ ನಡುವೆ ಎಲ್ಲಾದರೂ ತಡೆಯುತ್ತದೆಯೇ? ಹಾಗೆ. ಲೆಕ್ಕ ಹಾಕುತ್ತಾ ನಿಂತರೆ ಬಿಲ್ಲೆ ಹೋಗಿಬಿಡುತ್ತದೆ. ನೋಟ ಬಿಲ್ಲೆಯ ಮುಂದಂಚಿನಲ್ಲಿ ಇರಲಿ, ನಳಿಗೆಯ ತುದಿಯ ಮಣಿಯನ್ನು ನೋಡಲೇಬೇಡ. ಮಣಿ ನೋಡಿದೊಡನೆ ಕೈ ನಿಲ್ಲುತ್ತದೆ.

ಕಿವಿಯ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಅಜ್ಜನಿಗೆ ಎಡಗಿವಿಯಲ್ಲಿ ಹೇಳಿದರೆ ಕೇಳಿಸುವುದಿಲ್ಲ ಅಂತ ನೀವೆಲ್ಲ ಬಲಗಡೆಗೇ ಬಂದು ಕೂರುತ್ತೀರಲ್ಲ, ಅದು ವಯಸ್ಸಿನಿಂದ ಬಂದದ್ದಲ್ಲ. ಬಲಗೈಯವರು ಬಂದೂಕು ಏರಿಸಿದಾಗ ಎಡಗಿವಿ ನಳಿಗೆಯ ಬಾಯಿಗೆ ಹೆಚ್ಚು ಒಡ್ಡಿಕೊಂಡಿರುತ್ತದೆ. ಆಗಿನ ಕಾಲದಲ್ಲಿ ಅರಳೆ ತುರುಕಿಕೊಂಡರೆ ಆಯಿತು ಅಂದುಕೊಂಡಿದ್ದೆವು. ಮಳೆಗಾಲದ ರಾತ್ರಿ ಊರೆಲ್ಲ ಮಲಗಿದಾಗ ನನ್ನ ಕಿವಿಯಲ್ಲಿ ಜೀರುಂಡೆ ಕೂಗುತ್ತದೆ. ಚಳಿಗಾಲದಲ್ಲೂ ಅದೇ ಜೀರುಂಡೆ. ಹೋದ ಕಿವಿ ಬರುವುದಿಲ್ಲ ತಂಗಿ. ಒಳಗೆ ಬೆಣೆ, ಮೇಲೆ ಮಫ್, ಎರಡೂ ಹಾಕು. ಕಣ್ಣಿಗೆ ಕನ್ನಡಕ ಬೇಕೇ ಬೇಕು, ಬಿಲ್ಲೆಯ ಚೂರು ಗಾಳಿಗೆ ಎಲ್ಲಿಗೂ ಬರುತ್ತದೆ. ನಮ್ಮಲ್ಲಿ ಜೂನ್ ತಿಂಗಳ ಪಡುಗಾಳಿ ಎಂಥದ್ದು ಅಂತ ನಿನಗೆ ಹೇಳಬೇಕಾಗಿಲ್ಲ. ಚರೆ ಸೀಸದ್ದು. ರೇಂಜಿನಲ್ಲಿ ಕೂತು ಡಬ್ಬಿ ಬಿಚ್ಚಿ ತಿನ್ನಬೇಡ, ಸೋಪು ಹಚ್ಚಿ ಕೈ ತೊಳೆದ ಮೇಲೆ ತಿನ್ನು. ಆ ಬಟ್ಟೆಯಲ್ಲೇ ಬಂದು ಚಿಕ್ಕ ಕೂಸನ್ನು ಎತ್ತಿಕೊಳ್ಳಬೇಡ. ಸೀಸ ನೀರಿಗೆ ಸೇರಿದರೆ ಹೋಗುವುದಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವ ತಾಲೂಕು ನಮ್ಮದು. ಹೊಳೆ, ಕೆರೆಯ ದಂಡೆಯಲ್ಲಿ ನಿಂತು ಚರೆ ಹಾರಿಸುವವರು ಯಾರೇ ಇರಲಿ, ಅವರ ಜೊತೆ ನಿಲ್ಲಬೇಡ.

ಬಂದೂಕು ಕಲಿತೆ ಅಂತ ಗೊತ್ತಾದೊಡನೆ ನಿನ್ನನ್ನು ಕಾಡಿಗೆ ಕರೆಯುವವರು ಬರುತ್ತಾರೆ. ‘ಒಂದು ಮೊಲ, ಒಂದು ಕಾಡುಕೋಳಿ, ಯಾರು ನೋಡ್ತಾರ?’ ಅನ್ನುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಶಿಕಾರಿ ಅಪರಾಧ. ಆದರೆ ನಾನು ಜೈಲಿನ ಹೆದರಿಕೆ ತೋರಿಸಲು ಇದನ್ನು ಹೇಳುತ್ತಿಲ್ಲ. ನಮ್ಮ ತಾಲೂಕಿನ ಭೀಮಗಡದ ಕಾಡು ಅಭಯಾರಣ್ಯವಾಗಿ 2011ರಲ್ಲಿ ಘೋಷಣೆಯಾಯಿತು. ಅದರ ಬಾರಾಪೇಡೆ ಗವಿಗಳಲ್ಲಿ ರಾಟನ್ ಹೆಸರಿನ ಒಂದು ಬಾವಲಿ ಇದೆ. ಜಗತ್ತಿನಲ್ಲಿ ಅದು ಕಾಣಸಿಗುವ ಜಾಗ ಬೆರಳೆಣಿಕೆಯಷ್ಟು. ನಮ್ಮ ಮಗ್ಗುಲಲ್ಲೇ ಅಂಥ ಜೀವ ಇದೆ ಅನ್ನುವುದೇ ನಮ್ಮ ತಾಲೂಕಿನ ಭಾಗ್ಯ. ಕೈಗೆ ಗುರಿ ಕೂತವರು ಕಾಡಿಗೆ ಹೋದರೆ ಬೈನಾಕ್ಯುಲರ್ ಹಿಡಿದು ಹೋಗಬೇಕು. ಹಕ್ಕಿಯನ್ನು ಬಿಟ್ಟು ಬಿಲ್ಲೆ ಹಿಡಿಯಲು ಈ ಆಟಕ್ಕೆ ಎಷ್ಟೋ ವರ್ಷ ಹಿಡಿಯಿತು. ನೀನು ಅದನ್ನು ಹಿಂದಕ್ಕೆ ಒಯ್ಯಬೇಡ.

ಕೊಡಗಿನ ಕೊಡವರನ್ನು ನೋಡು. ಅವರಿಗೆ ಕೋವಿ ದೇವರ ಸಮಾನ. ಲೈಸೆನ್ಸಿನಿಂದ ವಿನಾಯಿತಿಯೂ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಹೆಂಗಸರೂ ಇಡುತ್ತಾರೆ. ನಮ್ಮ ಕಡೆ ಬಂದೂಕು ಅಂದರೆ ಬೇರೆಯದೇ ನೆನಪು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಎದುರು ಕಲೆಕ್ಟರ್ ಥ್ಯಾಕರೆ ಬಿದ್ದದ್ದು ಅಮಟೂರು ಬಾಳಪ್ಪನ ಗುಂಡಿಗೆ ಅಂತ ನಾವೆಲ್ಲ ಕೇಳುತ್ತಲೇ ಬೆಳೆದೆವು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ ನಮ್ಮ ತಾಲೂಕಿನದೇ. ಆ ಅಭಿಮಾನ ನನಗೂ ಇದೆ, ನಂದಗಡದಲ್ಲಿ ರಾಯಣ್ಣನ ನೆನಪಿನ ಆಲದ ಮರದ ಕೆಳಗೆ ನಿಂತರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆದರೆ ಬಾಳಪ್ಪನ ಹೆಸರು ಹೇಳಿಕೊಂಡು ಬಂದೂಕು ಹಿಡಿದು ರೀಲ್ಸ್ ಮಾಡುವ ಹುಡುಗರನ್ನು ಕಂಡರೆ ಸಂಕಟವಾಗುತ್ತದೆ. ನಾಡಿಗಾಗಿ ಪ್ರಾಣ ಪಣಕ್ಕಿಟ್ಟವನ ಕೈಯಲ್ಲಿದ್ದ ಆಯುಧ ಅದು, ಚೆಲ್ಲಾಟದ್ದಲ್ಲ. ನಿನ್ನ ಫೋಟೋ ಬೇಕಾದರೆ ಒಡೆದ ಬಿಲ್ಲೆಯದ್ದು ಹಾಕು.

ದುಡ್ಡಿನ ಮಾತನ್ನೂ ಮುಚ್ಚಿಡದೆ ಹೇಳಬೇಕು. ಈ ಆಟ ಅಗ್ಗದ್ದಲ್ಲ. ಟ್ರ್ಯಾಪ್‌ನಲ್ಲಿ ಒಂದು ಬಿಲ್ಲೆಗೆ ಎರಡು ಗುಂಡಿನ ಅವಕಾಶ ಇರುವುದರಿಂದ ಒಂದು ಸುತ್ತಿಗೆ 25ರಿಂದ 50 ತೋಟಾ. ಸ್ಪರ್ಧೆಯ ಅರ್ಹತಾ ಸುತ್ತೇ 125 ಬಿಲ್ಲೆ. ಅಭ್ಯಾಸದಲ್ಲಿ ಎಷ್ಟು ಸುಡಬೇಕಾಗುತ್ತದೆ ನೀನೇ ಲೆಕ್ಕ ಹಾಕು. ನಮ್ಮ ದೇಶದಲ್ಲಿ ಈ ಆಟಕ್ಕೆ ಮೊದಲು ಹೆಸರು ತಂದವರು ಬಿಕಾನೇರಿನ ಮಹಾರಾಜ ಕರ್ಣಿ ಸಿಂಗ್. 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಬೆಳ್ಳಿ ಗೆದ್ದರು, ಐದು ಒಲಿಂಪಿಕ್ಸ್ ಆಡಿದರು. ದಿಲ್ಲಿಯ ತುಘಲಕಾಬಾದಿನ ರೇಂಜಿಗೆ ಅವರದೇ ಹೆಸರು. 2006ರಲ್ಲಿ ಟ್ರ್ಯಾಪ್ ವಿಶ್ವ ಚಾಂಪಿಯನ್ ಆದ ಮಾನವಜಿತ್ ಸಿಂಗ್ ಸಂಧು ಅವರ ತಂದೆಯೂ ಒಲಿಂಪಿಕ್ ಶೂಟರ್. ಆದರೆ 2004ರಲ್ಲಿ ಅಥೆನ್ಸಿನಲ್ಲಿ ಡಬಲ್ ಟ್ರ್ಯಾಪ್ ಬೆಳ್ಳಿ ತಂದ ರಾಜ್ಯವರ್ಧನ್ ಸಿಂಗ್ ರಾಠೋಡ್ ಆಗ ಸೇನೆಯ ಅಧಿಕಾರಿಯಾಗಿದ್ದರು. ಅರಮನೆ ಇಲ್ಲದ ನಮ್ಮಂಥವರಿಗೆ ಆ ದಾರಿ ಈಗಲೂ ತೆರೆದಿದೆ. ಮಹೂದಲ್ಲಿರುವ ಸೇನೆಯ ಗುರಿಕಾರರ ಘಟಕ ಎಷ್ಟೋ ಜವಾನರನ್ನು ಶೂಟರ್ ಮಾಡಿದೆ. ಈಗ ಹುಡುಗಿಯರಿಗೂ ಅಗ್ನಿವೀರ್ ಭರ್ತಿ ಇದೆ. ಡಿಗ್ರಿ ಮುಗಿಸುತ್ತಲೇ ಅದನ್ನೂ ತಲೆಯಲ್ಲಿಟ್ಟುಕೊ.

ಅಪ್ಪನಿಗೆ ಮೊದಲ ವರ್ಷವೇ ಬಂದೂಕು ಕೊಡಿಸಲು ಹೇಳಬೇಡ. ಕೊಡಿಸಲೂ ಬರುವುದಿಲ್ಲ. 21 ತುಂಬುವವರೆಗೆ ಕ್ಲಬ್ಬಿನ ಬಂದೂಕಿನಲ್ಲಿ, ತರಬೇತುದಾರರ ಕಣ್ಣೆದುರು ಕಲಿಯುವುದೇ ಸರಿ. ಏರ್ ರೈಫಲ್ಲಿನಿಂದ ಶುರು ಮಾಡು. .177 ಬೋರಿನ, 20 ಜೂಲಿಗಿಂತ ಕಡಿಮೆ ಬಲದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಹತ್ತು ಮೀಟರ್ ದೂರದ ಕಾಗದದ ಮುಂದೆ ಉಸಿರು ಹಿಡಿದು ನಿಲ್ಲಲು ಕಲಿತವಳಿಗೆ ಮುಂದೆ ಬಿಲ್ಲೆಯ ಮುಂದೆ ನಿಲ್ಲುವುದು ಸುಲಭ. ಬಿಲ್ಲೆಯ ಆಟಕ್ಕೆ ದೊಡ್ಡ ಬಯಲು ಬೇಕು. ಅಂಥ ರೇಂಜು ಊರೂರಿಗೆ ಇರುವುದಿಲ್ಲ. ಹೈದರಾಬಾದಿನ ಗಚ್ಚಿಬೌಲಿಯಂಥ ಜಾಗಕ್ಕೆ ಹೋಗಿ ಒಂದೆರಡು ವಾರ ಶಿಬಿರ ಮಾಡಿ ಬರಬೇಕಾದೀತು. ಮುಂದೆ ಸ್ಪರ್ಧೆಗೆ ಇಳಿದರೆ ರಾಜ್ಯ ಮಟ್ಟ, ಆಮೇಲೆ ರಾಷ್ಟ್ರೀಯಕ್ಕೂ ಮುಂಚಿನ ಮಾವಳಂಕರ್ ಸ್ಪರ್ಧೆ. ಲೋಕಸಭೆಯ ಮೊದಲ ಸ್ಪೀಕರ್ ಮಾವಳಂಕರರ ಹೆಸರಿನದು ಅದು. 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಘ ಕಟ್ಟಿದವರು ಅವರೇ. ಕ್ಲಬ್ಬಿಗೆ ಸೇರುವ ಮುಂಚೆ ಅದು ರಾಜ್ಯ ಸಂಘಕ್ಕೆ ಸೇರಿದೆಯೋ, ರೇಂಜ್ ಅಧಿಕಾರಿ ಇದ್ದಾರೋ, ಬಂದೂಕುಗಳನ್ನು ಬೀಗದಲ್ಲಿ ಇಡುತ್ತಾರೋ, ತೋಟಾ ಬೇರೆ ಕಡೆ ಇಡುತ್ತಾರೋ, ಇವನ್ನು ಕೇಳಿ ತಿಳಿದುಕೊ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಜಾಗವಾದರೆ ಹಿಂತಿರುಗಿ ಬಾ. ಕನ್ನಡ, ಮರಾಠಿ, ಕೊಂಕಣಿ, ಹಿಂದಿ ಎಲ್ಲ ಅಲ್ಲಿ ಒಟ್ಟಿಗೇ ಕೇಳಿಸುತ್ತವೆ. ಯಾವ ಮಾತಲ್ಲಿ ಹೇಳಿದರೂ ‘ನಿಲ್ಲು’ ಅಂದರೆ ನಿಲ್ಲಬೇಕು.

ಮುಂದೊಂದು ದಿನ ನಿನ್ನದೇ ಬಂದೂಕು ಮನೆಗೆ ಬರುತ್ತದೆ ಅಂತಿಟ್ಟುಕೊ. ಬಂದೂಕು ಒಂದು ಕಪಾಟಿನಲ್ಲಿ, ತೋಟಾ ಇನ್ನೊಂದರಲ್ಲಿ, ಕೀಲಿ ನಿನ್ನ ಹತ್ತಿರ. ಮನೆಯಲ್ಲಿ ಜಗಳವಾದ ದಿನ, ಯಾರಾದರೂ ಕುಡಿದು ಬಂದ ದಿನ, ಪರೀಕ್ಷೆ ಕೆಟ್ಟು ನಿನಗೇ ಬದುಕು ಬೇಡ ಅನ್ನಿಸಿದ ದಿನ, ಆ ಕಪಾಟಿನ ಹತ್ತಿರ ಹೋಗಬೇಡ. ಕೀಲಿ ತಂದು ನನ್ನ ಕೈಗೆ ಕೊಡು. ನಾನಿಲ್ಲದಿದ್ದರೆ ಅಮ್ಮನಿಗೆ ಕೊಡು. ಯಾಕೆ ಅಂತ ಯಾರೂ ಕೇಳುವುದಿಲ್ಲ. ಪಕ್ಕದಲ್ಲಿ ಕೂತು ಚಹಾ ಕುಡಿಯೋಣ. ಇದನ್ನು ಬರೆಯಲೋ ಬೇಡವೋ ಅಂತ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಬರೆಯದೆ ಬಿಟ್ಟು ಆಮೇಲೆ ಕೊರಗುವ ವಯಸ್ಸು ನನ್ನದಲ್ಲ.

ತಪ್ಪುವುದರ ಬಗ್ಗೆಯೂ ಒಂದು ಮಾತು. ನೀನು ಬಹಳ ತಪ್ಪುತ್ತೀ. ಮೊದಲ ಸುತ್ತಿನಲ್ಲಿ ಇಪ್ಪತ್ತೈದರಲ್ಲಿ ಮೂರು ಒಡೆದರೆ ದೊಡ್ಡದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಕೀಟ್ ಮಿಶ್ರ ತಂಡದ ಕಂಚಿಗಾಗಿ ನಮ್ಮ ಮಹೇಶ್ವರಿ ಚೌಹಾಣ್, ಅನಂತಜೀತ್ ಸಿಂಗ್ ನರೂಕಾ ಚೀನಾ ಎದುರು ಆಡಿ ಸೋತರು. 44–43. ಒಂದು ಬಿಲ್ಲೆ. ನಾನು ಆ ದಿನ ಟಿವಿ ಮುಂದೆ ಕೂತಿದ್ದೆ. ಕಣ್ಣು ಮುಚ್ಚಿದರೆ ಗುಂಡಿಯೊಳಗೆ ಕೂತು ದನಿ ಕೇಳಿದ ಹಾಗೇ ಆಗುತ್ತಿತ್ತು. ನನಗೆ ಆ ಸುಬೇದಾರ್ ಸಾಹೇಬರು ನೆನಪಾದರು. ಒಮ್ಮೆ ಅವರನ್ನು ಕೇಳಿದ್ದೆ, ತಪ್ಪಿದಾಗ ಸಿಟ್ಟು ಬರುವುದಿಲ್ಲವೇ ಅಂತ. ಅವರು ಬಂದೂಕು ತೆರೆದು ಖಾಲಿ ತೋಟಾ ತೆಗೆದು ಡಬ್ಬಿಗೆ ಹಾಕಿದರು. ಇದನ್ನು ತೆಗೆಯುವಾಗಲೇ ಅದನ್ನೂ ತೆಗೆದುಹಾಕುತ್ತೇನೆ ಅಂದರು. ತೆರೆಯುವುದಕ್ಕೆ ಅಂಥದ್ದೊಂದು ಉಪಯೋಗವೂ ಇದೆ ಅಂತ ಆಗ ಹೊಳೆಯಿತು. ಆದರೆ ಮಾವನ ಮಗನ ಕಾಲಿನ ವಿಷಯದಲ್ಲಿ ನನಗೆ ಅದು ಸಾಧ್ಯವಾಗಲಿಲ್ಲ. ಅದನ್ನು ತೆಗೆದುಹಾಕಲೂಬಾರದು ಅನ್ನಿಸುತ್ತದೆ.

ಭಾನುವಾರ ಬೆಳಿಗ್ಗೆ ಆರೂವರೆ ಬಸ್ಸಿಗೆ ಸ್ಟ್ಯಾಂಡಿಗೆ ಬಾ. ನಾನೂ ಬೆಳಗಾವಿಗೆ ಬರುತ್ತೇನೆ. ಕೂದಲು ಕಟ್ಟಿಕೊಂಡು ಬಾ, ಕಾಲಿಗೆ ಬೂಟು ಹಾಕು, ಚಪ್ಪಲಿ ಬೇಡ. ಅರ್ಜಿ ನನ್ನ ಜೇಬಿನಲ್ಲಿರುತ್ತದೆ. ಅಲ್ಲಿ ತರಬೇತುದಾರರು ಒಂದು ಬಂದೂಕನ್ನು ಮೇಜಿನ ಮೇಲಿಟ್ಟು ಖಾಲಿ ಇದೆ ಅಂತ ಹೇಳಬಹುದು. ನೀನು ಅದನ್ನು ಎತ್ತಿ, ನಳಿಗೆಯನ್ನು ಬಯಲಿನ ಕಡೆ ಇಟ್ಟುಕೊಂಡೇ ಕೀಲಿ ಸರಿಸಿ ಬಾಯಿ ತೆರೆ. ಹಿಂದಿನಿಂದ ಎರಡೂ ನಳಿಗೆಯೊಳಗೆ ನೋಡು. ಆ ತುದಿಯಲ್ಲಿ ಎರಡು ದುಂಡನೆಯ ಬೆಳಕು ಕಾಣಬೇಕು, ಒಂದರ ಮೇಲೊಂದು. ಕಂಡ ಮೇಲೆ ಬಂದೂಕನ್ನು ಹಾಗೆಯೇ ತೆರೆದು ಹಿಡಿದು ನನಗೆ ತೋರಿಸು. ಸಹಿ ಅಲ್ಲೇ ಹಾಕಿಕೊಡುತ್ತೇನೆ.